ಒಪ್ಪಿಗೆ ಇಲ್ಲದೆ ಕಟ್ಟಿದ ಕೋಡಿ

ನಾನು ಮುಳಬಾಗಿಲು ತಾಲ್ಲೂಕಿನ ಬೈರಕೂರು ಕಡೆಯ ಒಂದು ಊರಿನ ನೀರುಗಂಟಿ. ಕೆರೆಯ ತೂಬು ತೆಗೆಯುವುದು, ಮುಚ್ಚುವುದು, ಸರದಿಯಂತೆ ಗದ್ದೆಗಳಿಗೆ ನೀರು ಹಾಯಿಸುವುದು ನಮ್ಮ ಮನೆಯ ಕೆಲಸ. ಈಗ ಬರೆಯುತ್ತಿರುವುದು ಒಂದು ಕೋಡಿಯ ಬಗ್ಗೆ, ಸುಮಾರು ನಲವತ್ತು ದಿನಗಳ ಬಗ್ಗೆ. ಆ ದಿನಗಳಲ್ಲಿ ನಾನು ಎರಡು ಸಲ ಸುಳ್ಳು ಹೇಳಿದೆ. ಮೊದಲನೆಯದನ್ನು ಯಾಕೆ ಹೇಳಿದೆ ಎಂದು ಕೇಳಿದರೆ ಏನಾದರೂ ಸಮಜಾಯಿಷಿ ಕೊಡಬಲ್ಲೆ. ಎರಡನೆಯದಕ್ಕೆ ನನ್ನ ಹತ್ತಿರ ಏನೂ ಇಲ್ಲ.

ಕೋಡಿ ಎಂದರೆ ಕೆರೆಯಲ್ಲಿ ಹೆಚ್ಚಾದ ನೀರು ಹೊರಗೆ ಬೀಳಲು ಏರಿಯ ಒಂದು ಕೊನೆಯಲ್ಲಿ ಕಟ್ಟಿದ ತಗ್ಗಾದ ಕಲ್ಲುಕಟ್ಟೆ. ನಮ್ಮ ಕೆರೆ ಮೇಲಿನದು. ಅದರ ಕೋಡಿ ಹರಿದರೆ ನೀರು ಒಂದೂವರೆ ಮೈಲಿ ಹಳ್ಳದಲ್ಲಿ ಹೋಗಿ ಕೆಳಗಿನ ಊರಿನ ಕೆರೆ ಸೇರುತ್ತದೆ. ಕೋಡಿಯ ಮೇಲೆ ಹಿಂದಿನವರು ಸೊಂಟದೆತ್ತರದ ಹನ್ನೊಂದು ಕಲ್ಲುಗಳನ್ನು ಸಾಲಾಗಿ ನೆಟ್ಟಿದ್ದಾರೆ. ಕಲ್ಲಿಗೂ ಕಲ್ಲಿಗೂ ನಡುವೆ ಒಂದೊಂದು ಮೊಳ ಸಂದು. ಮಳೆಗಾಲದಲ್ಲಿ ಆ ಸಂದುಗಳು ಖಾಲಿ ಇರಬೇಕು. ಮಳೆ ಪೂರ್ತಿ ಮುಗಿದ ಮೇಲೆ ಜೊಂಡುಹುಲ್ಲು, ಜೇಡಿಮಣ್ಣು ತುಂಬಿ ಸಂದುಗಳನ್ನು ಕಟ್ಟಿದರೆ ಕೆರೆಯಲ್ಲಿ ಇನ್ನೊಂದು ಮೊಳ ನೀರು ನಿಲ್ಲುತ್ತದೆ. ಬೇಸಿಗೆಯಲ್ಲಿ ಊರಿನ ಬೋರ್‌ವೆಲ್‌ಗಳು ಆ ಒಂದು ಮೊಳದ ಮೇಲೆ ಬದುಕುತ್ತವೆ.

ಕಟ್ಟುವುದಕ್ಕೆ ಕಟ್ಟಳೆ ಇತ್ತು. ವಿಶಾಖ ಮಳೆ ಕಳೆದಿರಬೇಕು. ಕೆಳಗಿನ ಕೆರೆಯ ನೀರು ಅಲ್ಲಿನ ತೂಬಿನ ಮೂರನೇ ಮೆಟ್ಟಿಲು ಮುಟ್ಟಿರಬೇಕು. ಮುಟ್ಟಿದೆ ಎಂದು ಯಾರೂ ಕಾಗದ ಬರೆದುಕೊಡುತ್ತಿರಲಿಲ್ಲ. ಕೆಳಗಿನ ಊರಿನ ನೀರುಗಂಟಿ ತನ್ನ ಕೆರೆಯ ಒಂದು ಹಿಡಿ ಕಪ್ಪು ಮಣ್ಣನ್ನು ಮುತ್ತುಗದ ಎಲೆಯಲ್ಲಿ ಸುತ್ತಿ ತಂದು ಮೊದಲ ಸಂದಿನಲ್ಲಿ ಇಡುತ್ತಿದ್ದ. ಅದಕ್ಕೆ ಒಪ್ಪಿಗೆ ಮಣ್ಣು ಎನ್ನುತ್ತಿದ್ದೆವು. ಅದು ಬಿದ್ದ ಮೇಲೆ ನಮ್ಮೂರಿನವರು ಕೆಲಸಕ್ಕೆ ಕೈ ಹಾಕುತ್ತಿದ್ದರು. ನಮ್ಮ ಕಡೆಯದು ಕೆಂಪು ಮಣ್ಣು, ಆದ್ದರಿಂದ ಕಪ್ಪು ಮಣ್ಣು ಯಾರ ಕಣ್ಣಿಗೂ ತಪ್ಪುತ್ತಿರಲಿಲ್ಲ.

ಕೆಳಗಿನ ನೀರುಗಂಟಿಯೂ ನಾನೂ ಒಂದೇ ಹೈಸ್ಕೂಲಿಗೆ ನಡೆದುಕೊಂಡು ಹೋದವರು. ನೆಂಟಸ್ತನ ಇಲ್ಲದಿದ್ದರೂ ಒಬ್ಬರನ್ನೊಬ್ಬರು ಬಾವ ಎಂದೇ ಕರೆಯುತ್ತಿದ್ದೆವು. ಗಡಿಯ ಜನ ನಾವು. ಸಲೀಸಾದ ಮಾತು ಕನ್ನಡದಲ್ಲಿ ಆಡಿದರೆ, ಕೋಪ ಬಂದಾಗ ಅವನ ಬಾಯಲ್ಲಿ ತೆಲುಗು ಬರುತ್ತಿತ್ತು.

ಆ ವರ್ಷಕ್ಕೆ ಮುಂಚೆ ಹದಿನೈದು ವರ್ಷ ಎರಡು ಕೆರೆಗಳೂ ಒಣಗಿದ್ದವು. ಕೋಡಿ ಕಟ್ಟುವುದನ್ನು ಕಣ್ಣಾರೆ ಕಾಣದೆಯೇ ಊರಿನ ಹುಡುಗರು ದೊಡ್ಡವರಾಗಿದ್ದರು. ಆ ವರ್ಷವೂ ಆರಿದ್ರೆಯಿಂದ ಚಿತ್ತೆಯವರೆಗೆ ಮಳೆ ಕೈಕೊಟ್ಟಿತು. ಸ್ವಾತಿಯಲ್ಲಿ ಮಾತ್ರ ಒಂದು ವರ್ಷದ್ದನ್ನೆಲ್ಲ ಮೂರು ದಿನದಲ್ಲಿ ಸುರಿಯಿತು. ಕೆರೆ ತುಂಬಿ ಕೋಡಿ ಬಿತ್ತು. ಎರಡು ದಿನ ಜೋರಾಗಿ ಹರಿದು, ಆಮೇಲೆ ಒಂದು ಬೆರಳಿನಷ್ಟು ತೆಳುವಾಗಿ ಹರಿಯುತ್ತಾ ಉಳಿಯಿತು. ವಿಶಾಖದಲ್ಲಿ ಒಂದು ಹನಿಯೂ ಬೀಳಲಿಲ್ಲ. ಕೆಳಗಿನ ಕೆರೆಯಲ್ಲಿ ಮೊಣಕಾಲಿನಷ್ಟು ನೀರಿತ್ತು. ಮೊದಲನೇ ಮೆಟ್ಟಿಲೂ ಮುಟ್ಟಿರಲಿಲ್ಲ.

ಬೆಳಿಗ್ಗೆ ಹಾಲಿನ ಡೇರಿಯ ಮುಂದೆ ನಿಂತರೆ ಸಾಕು, ಜನ ನನ್ನನ್ನು ಹಿಡಿದುಕೊಳ್ಳುತ್ತಿದ್ದರು. ಪಂಚಾಯ್ತಿಯ ಮಾಜಿ ಮೆಂಬರು ಎಲ್ಲರಿಗೂ ಕೇಳುವ ಹಾಗೆ ಹೇಳಿದರು, "ಏನ್ ನೀರುಗಂಟಿ, ನೀರು ಕಾಯ್ತಾ ಇದ್ದೀಯೋ, ಕಳಿಸಿಕೊಡ್ತಾ ಇದ್ದೀಯೋ?"

ಹಿಪ್ಪುನೇರಳೆ ಬೆಳೆಯುವ ಹೆಂಗಸೊಬ್ಬಳು ಕ್ಯಾನು ಕೆಳಗಿಟ್ಟು ನಕ್ಕಳು. "ಹದಿನೈದು ವರ್ಷಕ್ಕೆ ಬಂದಿರೋ ನೀರು ಕಣಣ್ಣಾ. ನೆಂಟರ ಥರ ಊರ ಬಾಗ್ಲವರೆಗೂ ಹೋಗಿ ಬಿಟ್ಟು ಬರ್ತೀಯಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಮಾಜಿ ಮೆಂಬರು ನಗಲಿಲ್ಲ. "ಹೋಗಿ ಮಣ್ಣು ಕೇಳ್ಕೊಂಡು ಬಾ. ಸುಮ್ನೆ ಯಾಕೆ ಎಳೀತೀಯ?" ಎಂದರು.

ಕೇಳಿದರೂ ಅವನು ಕೊಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಕೊಡಬಾರದು ಕೂಡ. ಅವನ ಜಾಗದಲ್ಲಿ ನಾನಿದ್ದಿದ್ದರೂ ಕೊಡುತ್ತಿರಲಿಲ್ಲ. ಆದರೂ ಹೊರಟೆ. ಎರಡು ಊರಿನ ನಡುವಿನ ಗಡಿಗಲ್ಲಿನವರೆಗೆ ಹೋಗಿ ಅಲ್ಲಿನ ಹುಣಸೆಮರದ ಕೆಳಗೆ ಕೂತೆ. ಅಲ್ಲಿಂದಾಚೆಗೆ ನೆಲ ಕಪ್ಪಾಗುತ್ತದೆ. ಒಂದು ಗಂಟೆ ಕೂತಿದ್ದೆನೋ ಏನೋ. ಇನ್ನು ಮಳೆಯಿಲ್ಲ, ಬೆರಳಿನಷ್ಟು ನೀರು ಹಳ್ಳದ ಮರಳಿನಲ್ಲೇ ಇಂಗಿಹೋಗುತ್ತಿದೆ, ಅದರಿಂದ ಕೆಳಗಿನವರಿಗೂ ಪ್ರಯೋಜನವಿಲ್ಲ ಎಂದೆಲ್ಲ ನನಗೆ ನಾನೇ ಹೇಳಿಕೊಂಡೆ. ಬಾವನಿಗೆ ನಾಳೆ ವಿವರಿಸಿದರಾಯಿತು ಅಂದುಕೊಂಡೆ. ಆಮೇಲೆ ಎದ್ದು, ಗಡಿಗಲ್ಲಿನ ಆಚೆಯ ಗುಂಡಿಯಿಂದ ಒಂದು ಹಿಡಿ ಕಪ್ಪು ಮಣ್ಣು ಕಿತ್ತು ಎಲೆಯಲ್ಲಿ ಸುತ್ತಿಕೊಂಡು ವಾಪಸು ಬಂದೆ.

"ಅವನಿಗೆ ಮೈ ಸರಿ ಇಲ್ಲ. ನನ್ನ ಕೈಲೇ ಕೊಟ್ಟು ಕಳಿಸಿದ," ಎಂದು ಊರಿನವರ ಮುಂದೆ ಹೇಳಿ, ಮಣ್ಣನ್ನು ಮೊದಲ ಸಂದಿನಲ್ಲಿ ಇಟ್ಟೆ.

ಯಾರೂ ಎರಡನೇ ಮಾತು ಕೇಳಲಿಲ್ಲ. ನೀರುಗಂಟಿಯ ಕೈಯಲ್ಲಿ ಒಪ್ಪಿಗೆ ಮಣ್ಣು ಇದ್ದರೆ ಯಾರೂ ಕೇಳುವುದಿಲ್ಲ. ಹಾಗೆ ಸುಳ್ಳು ಮಣ್ಣು ಇಟ್ಟವನು ನನಗೆ ತಿಳಿದಂತೆ ನಮ್ಮ ವಂಶದಲ್ಲಿ ನಾನೊಬ್ಬನೇ.

ಮಾರನೆಯ ದಿನ ನಲವತ್ತು ಜನ ಕೆಲಸಕ್ಕೆ ಬಂದರು. ಜೊಂಡು ಕೊಯ್ದು ಮಣ್ಣು ಕಲಸುವಷ್ಟು ವ್ಯವಧಾನ ಅವರಿಗಿರಲಿಲ್ಲ. ಮಾಜಿ ಮೆಂಬರು ಗೊಬ್ಬರದ ಪ್ಲಾಸ್ಟಿಕ್ ಚೀಲಗಳನ್ನು ಟ್ರ್ಯಾಕ್ಟರಿನಲ್ಲಿ ತರಿಸಿದರು. ಅವುಗಳಿಗೆ ಮಣ್ಣು ತುಂಬಿ, ಸಂದುಗಳಲ್ಲಿ ಒಂದರ ಮೇಲೊಂದು ಇಟ್ಟು, ಹಾರೆಯ ಹಿಂಬದಿಯಿಂದ ಗುದ್ದಿ ಬಿಗಿ ಮಾಡಿದರು. ಜೊಂಡು-ಮಣ್ಣಿನ ಕಟ್ಟೆಯಾದರೆ ಅವಸರಕ್ಕೆ ನಾಲ್ಕು ಸಲ ಹಾರೆ ಆಡಿಸಿದರೆ ಕರಗಿ ಹೋಗುತ್ತದೆ. ಚೀಲ ನೆನೆದರೆ ಉಬ್ಬಿ ಕಲ್ಲಿಗೆ ಕಚ್ಚಿಕೊಳ್ಳುತ್ತದೆ. ಅದು ನನಗೆ ಗೊತ್ತಿತ್ತು. ಆದರೆ ಸುಳ್ಳು ಹೇಳಿ ಕೆಲಸ ಶುರು ಮಾಡಿಸಿದವನಿಗೆ ಕೆಲಸದ ತಪ್ಪು ತೋರಿಸುವ ಬಾಯಿ ಇರುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಕೋಡಿಯ ಮೇಲಿನ ನೀರು ನಿಂತಿತು.

ಹಳ್ಳ ಒಣಗಿದ್ದನ್ನು ನೋಡಿ ಕೆಳಗಿನ ಊರಿನವರು ಮರುದಿನ ಬೆಳಿಗ್ಗೆಯೇ ಬಂದರು. ಗಂಡಸರ ಕೈಯಲ್ಲಿ ಹಾರೆ, ಗುದ್ದಲಿ. ಹಿಂದೆ ಹೆಂಗಸರು.

"ಯಾರನ್ನ ಕೇಳಿ ಕಟ್ಟಿದ್ರಲೇ?"

"ನಿಮ್ಮೋನನ್ನೇ ಕೇಳ್ರೋ. ಅವನ ಮಣ್ಣೇ ಇದೆ ಒಳಗೆ."

"ಯಾವನ್ ಮಣ್ಣೋ? ನಮ್ಮ ಕೆರೇಲಿ ಎಮ್ಮೆ ಮುಳುಗೋಷ್ಟು ನೀರಿಲ್ಲ, ಒಪ್ಪಿಗೆ ಯಾವನ್ ಕೊಡ್ತಾನೆ?"

"ಕೊಟ್ಟಿದ್ದಾನೆ ಹೋಗ್ರೋ. ಏನ್ ತಿಂದು ಕೊಟ್ನೋ ನಮಗೇನ್ ಗೊತ್ತು!"

ಆ ಕೊನೆಯ ಮಾತು ನಮ್ಮ ಕಡೆಯ ಯಾರೋ ಹುಡುಗಾಟಕ್ಕೆ ಆಡಿದ್ದು. ಅದೇ ಕೆಳಗಿನ ಊರಿಗೆ ಹೋಗಿ, ಅವರ ನೀರುಗಂಟಿ ದುಡ್ಡು ತಿಂದಿದ್ದಾನೆ ಎಂದು ಬೇರು ಬಿಟ್ಟಿತು. ಅಷ್ಟರಲ್ಲಿ ಒಬ್ಬ ಚೀಲಕ್ಕೆ ಹಾರೆ ಹಾಕಿದ, ನಮ್ಮವನೊಬ್ಬ ಅವನ ಎದೆಗೆ ತಳ್ಳಿದ. ಆಮೇಲೆ ಕಲ್ಲು ಬಿದ್ದವು. ಎರಡೂ ಕಡೆ ತಲೆ ಒಡೆದವು. ಎರಡು ಊರಿನ ನಡುವೆ ಹೆಣ್ಣು ಕೊಟ್ಟು ತಂದ ಮನೆಗಳಿದ್ದವು. ಅತ್ತೆ ಮನೆಯವರ ಮೇಲೆ ಕಲ್ಲೆಸೆದವರನ್ನು ಅಂದು ನೋಡಿದೆ. ಪೊಲೀಸರು ಬಂದು ನಮ್ಮ ಕಡೆಯ ಆರು ಜನರ ಹೆಸರು ಬರೆದುಕೊಂಡರು. ಅದರಲ್ಲಿ ನನ್ನ ತಮ್ಮನ ಮಗನೂ ಇದ್ದ. ಕೋಡಿಯ ಹತ್ತಿರ ಇಬ್ಬರು ಕಾನ್ಸ್‌ಟೇಬಲ್‌ಗಳನ್ನು ಹಾಕಿದರು. ಇದ್ದದ್ದು ಇದ್ದ ಹಾಗೇ ಇರಲಿ, ಯಾರೂ ಮುಟ್ಟಬಾರದು ಎಂದು ಅಪ್ಪಣೆಯಾಯಿತು.

ಬಾವ ಅಂದು ನನಗೆ ಮೂರು ಸಲ ಫೋನ್ ಮಾಡಿದ. ನಾನು ಎತ್ತಲಿಲ್ಲ. ಅವನೂರಿನಲ್ಲಿ ಅವನನ್ನು ದೇವಸ್ಥಾನದ ಮುಂದೆ ನಿಲ್ಲಿಸಿ ಆಣೆ ಮಾಡಿಸಿದರಂತೆ. ಮಾಡಿದನಂತೆ. ಆದರೂ ಅರ್ಧ ಊರು ನಂಬಲಿಲ್ಲವಂತೆ. ಇದನ್ನೆಲ್ಲ ಹಾಲಿನ ಗಾಡಿಯವನು ಬಂದು ಹೇಳುತ್ತಿದ್ದ. ಕೇಳಿಸಿಕೊಂಡು ಮನೆಗೆ ಬರುತ್ತಿದ್ದೆ.

ಹೀಗೆ ಧನುರ್ಮಾಸ ಬಂತು. ನಮ್ಮ ಕಡೆ ಆಗ ರಾಗಿ ಕೊಯ್ದು ಮೆದೆ ಹಾಕುವ ಕಾಲ. ಚಳಿ ಇರಬೇಕು, ಇಬ್ಬನಿ ಇರಬೇಕು. ಎರಡು ವರ್ಷದ ಹಿಂದೆ ಮುಳಬಾಗಿಲಿನ ಒಂದು ಸಭೆಯಲ್ಲಿ ಕೃಷಿ ಅಧಿಕಾರಿಯೊಬ್ಬರು ನಮಗೆ ಹೇಳಿದ್ದರು, "ಹವಾಮಾನ ಬದಲಾಗಿದೆ ಯಜಮಾನ್ರೇ. ಇನ್ಮೇಲೆ ಮಳೆ ನಕ್ಷತ್ರ ನೋಡ್ಕೊಂಡು ಬರಲ್ಲ." ಊಟದ ಸಾಲಿನಲ್ಲಿ ನಿಂತು ನಾವು ಆ ಮಾತನ್ನು ಆಡಿಕೊಂಡು ನಕ್ಕಿದ್ದೆವು. ಧನುರ್ಮಾಸದ ಮೊದಲ ವಾರದಲ್ಲಿ ಸಮುದ್ರದ ಕಡೆಯಿಂದ ಮೋಡ ಬಂದು ಮಳೆ ಹಿಡಿಯಿತು. ಎರಡು ದಿನ ಬಿಡಲಿಲ್ಲ. ಕಾನ್ಸ್‌ಟೇಬಲ್‌ಗಳು ಮೊದಲನೇ ದಿನವೇ ಹೊರಟುಹೋದರು.

ಮೂರನೇ ದಿನ ಬೆಳಿಗ್ಗೆ ಏರಿಯ ಮೇಲೆ ನಡೆದು ನೋಡಿದೆ. ನೀರು ಚೀಲಗಳ ತಲೆ ಮುಟ್ಟಿತ್ತು. ಕೋಡಿಗೆ ಸೇರುವ ಕಡೆ ಏರಿಯ ಹೊರಮೈಯಲ್ಲಿ ಒಂದು ಚಾಪೆಯಗಲ ಒದ್ದೆ. ಅಲ್ಲಿ ಕೂತು ಅಂಗೈ ಇಟ್ಟೆ. ಏರಿಯಲ್ಲಿ ತಿಳಿನೀರು ಜಿನುಗಿದರೆ ಹೆದರಬೇಕಾಗಿಲ್ಲ. ಕೆಂಪು ನೀರು ಬಂದರೆ ಏರಿಯ ಹೊಟ್ಟೆಯೊಳಗಿನ ಮಣ್ಣು ಹೊರಟಿದೆ ಎಂದು ಅರ್ಥ. ಅಂಗೈ ಕೆಂಪಾಯಿತು.

ಮಾಜಿ ಮೆಂಬರು ಛತ್ರಿ ಹಿಡಿದು ಬಂದಿದ್ದರು. ಜೊತೆಗೆ ಹತ್ತು ಹನ್ನೆರಡು ಜನ.

"ಇನ್ನೊಂದು ಸಾಲು ಚೀಲ ಏರಿಸೋಣ," ಎಂದರು.

"ಚೀಲ ತೆಗೀಬೇಕು. ಇಲ್ದಿದ್ರೆ ಏರಿ ಹೋಗುತ್ತೆ," ಎಂದೆ.

"ಹೋದ್ರೆ ಕೆಳಗಡೆಗೆ ತಾನೇ ಹೋಗೋದು?"

ಅವರು ಕೆಟ್ಟವರಲ್ಲ. ನನ್ನ ಹೆಂಡತಿ ಸತ್ತಾಗ ಮೂರು ದಿನ ಅವರ ಮನೆಯಿಂದಲೇ ಊಟ ಬಂದಿತ್ತು. ಅಂಥವರ ಬಾಯಿಂದ ಆ ಮಾತು ಬಂತು, ಸುತ್ತ ನಿಂತವರು ಯಾರೂ ಬೆಚ್ಚಲಿಲ್ಲ. ಆ ಏರಿ ಒಡೆದಿದ್ದರೆ ಕೆಳಗಿನ ಊರಿನ ಹಳ್ಳದಂಚಿನ ಮನೆಗಳು ಉಳಿಯುತ್ತಿರಲಿಲ್ಲ.

ನಾನು ಮನೆಗೆ ಹೋಗಿ ಹಾರೆ, ಕುಡುಗೋಲು ತಂದೆ. "ಮುದುಕನಿಗೆ ತಲೆ ಕೆಟ್ಟಿದೆ, ಬಿಡ್ರಿ, ಅವನ ಕೈಲಿ ಏನಾಗುತ್ತೆ," ಎಂದು ಹಿಂದೆ ಯಾರೋ ಹೇಳಿದರು. ತಡೆಯಲೂ ಇಲ್ಲ, ಜೊತೆಗೆ ಬರಲೂ ಇಲ್ಲ. ಏರಿಯ ಮೇಲೆ ನಿಂತು ನೋಡಿದರು.

ಕೋಡಿ ಬಿಚ್ಚುವುದಕ್ಕೆ ಕ್ರಮವಿದೆ. ಏರಿಗೆ ಅತಿ ದೂರವಿರುವ ಸಂದಿನಿಂದ ಶುರು ಮಾಡಬೇಕು. ಏರಿಯ ಮಗ್ಗುಲಿನದನ್ನು ಮೊದಲು ಬಿಚ್ಚಿದರೆ ನೀರಿನ ಸೆಳೆತ ಏರಿಯ ಭುಜವನ್ನೇ ಕೊರೆಯುತ್ತದೆ. ಪ್ರತಿ ಸಂದಿನಲ್ಲೂ ಮೇಲಿನ ಚೀಲ ಮೊದಲು, ಅದರ ನೀರು ಇಳಿದ ಮೇಲೆ ಕೆಳಗಿನದು. ದೂರದ ದಡದ ಸಂದಿಗೆ ಹೋಗಿ ಹಾರೆ ಹಾಕಿದೆ. ಚೀಲ ಅಲುಗಲಿಲ್ಲ. ಒಂದು ತಿಂಗಳು ನೆನೆದು ಕಲ್ಲಿನ ಜೊತೆ ಒಂದಾಗಿತ್ತು. ಕುಡುಗೋಲಿನಿಂದ ಚೀಲ ಸೀಳಿ, ಒಳಗಿನ ಮಣ್ಣನ್ನು ಕೈಯಿಂದ ಬಗೆದು, ಖಾಲಿಯಾದ ಮೇಲೆ ಎಳೆಯಬೇಕಾಯಿತು. ಒಂದು ಸಂದು ಬಿಚ್ಚುವಷ್ಟರಲ್ಲಿ ನನ್ನ ಉಸಿರು ಮುಗಿದಿತ್ತು. ಇನ್ನೂ ಒಂಬತ್ತು ಇದ್ದವು.

ಆಗ ಹಳ್ಳದ ಕಡೆಯಿಂದ ಬಾವ ಬಂದ. ತಲೆಗೆ ಗೋಣಿ, ಹೆಗಲಿಗೆ ಹಗ್ಗ. ಹಗ್ಗವನ್ನು ದಡದ ಹೊಂಗೆಮರಕ್ಕೆ ಕಟ್ಟಿ, ಇನ್ನೊಂದು ತುದಿಯನ್ನು ನನ್ನ ಸೊಂಟಕ್ಕೆ ಬಿಗಿದು, ಅದನ್ನೇ ಹಿಡಿದುಕೊಂಡು ನೀರಿಗಿಳಿದ.

"ಏಮಿ ಬಾವಾ, ಇಟ್ಲಾ ಚೇಸ್ತಿವಿ?" ಎಂದ. ಹೀಗೆ ಮಾಡಿಬಿಟ್ಟೆಯಲ್ಲ ಎಂದು.

ನಾನು ಮುಂದಿನ ಚೀಲಕ್ಕೆ ಕುಡುಗೋಲು ಹಾಕಿದೆ.

"ನಾನು ಯಾವಾಗ ಮಣ್ಣು ಕೊಟ್ಟೆ?"

"ಕೊಡ್ಲಿಲ್ಲ."

"ಅದನ್ನ ಎಲ್ಲರ ಮುಂದೆ ಹೇಳ್ತೀಯಾ?"

"ಹೇಳ್ತೀನಿ ಬಾವ."

"ಸರಿ. ಕುಡುಗೋಲು ಇಲ್ಲಿ ಕೊಡು. ನೀನು ಹಾರೆ ಹಿಡಿ."

ಅಷ್ಟೇ ಮಾತು. ಆಮೇಲೆ ಅವನು ಸೀಳುವುದು, ನಾನು ಮೀಟುವುದು. ಐದನೇ ಸಂದಿನ ಹೊತ್ತಿಗೆ ಸೆಳೆತಕ್ಕೆ ನಿಲ್ಲುವುದೇ ಕಷ್ಟವಾಯಿತು. ಏಳನೆಯದರಲ್ಲಿ ಚೀಲ ಕಿತ್ತುಬಂದ ರಭಸಕ್ಕೆ ಪಕ್ಕದ ಕಲ್ಲು ವಾಲಿ, ಅವನ ಬಲಗೈ ಎರಡು ಕಲ್ಲುಗಳ ನಡುವೆ ಸಿಕ್ಕಿತು. ಹಾರೆ ಕೊಟ್ಟು ಬಿಡಿಸಿದೆ. ಎರಡು ಬೆರಳು ನಜ್ಜುಗುಜ್ಜಾಗಿದ್ದವು. ಅವನು ಎಡಗೈಯಲ್ಲಿ ಅವನ್ನು ಒತ್ತಿ ಹಿಡಿದು, "ಏರಿ ನೋಡು ಹೋಗು," ಎಂದ. ಹೋಗಿ ನೋಡಿದೆ. ಸ್ವಲ್ಪ ಹೊತ್ತು ಕಾದೆ. ಜಿನುಗು ತಿಳಿಯಾಗುತ್ತಾ ಬಂತು. ಏರಿ ಉಳಿಯಿತು.

ಆದರೆ ಏಳು ಸಂದುಗಳ ನೀರು ಒಟ್ಟಿಗೇ ಹಳ್ಳಕ್ಕೆ ನುಗ್ಗಿತ್ತು. ಧನುರ್ಮಾಸದಲ್ಲಿ ಹಳ್ಳ ಬರುವುದನ್ನು ಕಂಡವರಿಲ್ಲವಾದ್ದರಿಂದ ಕೆಳಗಿನವರು ರಾಗಿ ಮೆದೆಗಳನ್ನು ಅದರ ಅಂಚಿನಲ್ಲೇ ಹಾಕಿದ್ದರು. ಮಳೆ ಕೈಕೊಟ್ಟ ವರ್ಷದಲ್ಲಿ ಸ್ವಾತಿಯೊಂದರಿಂದ ಉಳಿದ ರಾಗಿ. ಮೆದೆಗಳು ತೇಲಿಹೋದವು. ಮೆದೆಯ ಹಿಂದೆ ಓಡಿ ಸೋತು, ನೀರು ಎಲ್ಲಿಂದ ಬಂತೆಂದು ಹಳ್ಳದ ದಡ ಹಿಡಿದು ಮೇಲೆ ಬಂದವರು ಕಂಡದ್ದು, ಕೋಡಿಯ ಪಕ್ಕದಲ್ಲಿ ಒಟ್ಟಿಗೆ ಕೂತ ನಮ್ಮಿಬ್ಬರನ್ನು. ನಾನು ನನ್ನ ಟವೆಲಿನಿಂದ ಅವನ ಕೈ ಕಟ್ಟುತ್ತಿದ್ದೆ.

ಎರಡು ದಿನದ ಮೇಲೆ ನಮ್ಮೂರ ಶಾಲೆಯ ಜಗಲಿಯಲ್ಲಿ ವಿಚಾರಣೆ ನಡೆಯಿತು. ತಾಲ್ಲೂಕಿನಿಂದ ಅಧಿಕಾರಿಯೊಬ್ಬರು ಬಂದಿದ್ದರು. ಎರಡು ಊರಿನ ಜನ ಅಂಗಳದ ಎರಡು ಬದಿಗೆ. ಅವನು ಬೆಂಚಿನ ಮೇಲೆ ಬ್ಯಾಂಡೇಜಿನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ನನ್ನನ್ನು ಕರೆದಾಗ ಅವನ ಮುಖ ಸ್ವಲ್ಪ ಸಡಿಲವಾಯಿತು. ಇನ್ನೇನು ಮುಗಿಯಿತು ಎನ್ನುವವನ ಹಾಗೆ.

"ಕೋಡಿ ಕಟ್ಟೋಕೆ ಇವರು ಒಪ್ಪಿಗೆ ಕೊಟ್ಟಿದ್ರಾ?" ಎಂದು ಅಧಿಕಾರಿ ಕೇಳಿದರು.

ಒಪ್ಪಿಗೆಯಿಲ್ಲದೆ ಕಟ್ಟಿದ್ದು ಎಂದಾದರೆ ಗಲಾಟೆಯ ತಪ್ಪೆಲ್ಲ ನಮ್ಮ ಆರು ಜನರ ತಲೆಗೆ ಬರುತ್ತದೆ ಎಂದು ಮಾಜಿ ಮೆಂಬರು ಬೆಳಿಗ್ಗೆಯೇ ನನಗೆ ಹೇಳಿದ್ದರು. ನನ್ನ ತಮ್ಮನ ಹೆಂಡತಿ ಕಂಬದ ಹಿಂದೆ ನಿಂತಿದ್ದಳು. ಇದನ್ನು ಕಾರಣವೆಂದು ಹೇಳುತ್ತಿಲ್ಲ. ಹೀಗಿತ್ತು ಎಂದಷ್ಟೇ ಹೇಳುತ್ತಿದ್ದೇನೆ.

"ಕೊಟ್ಟಿದ್ರು ಸಾರ್," ಎಂದೆ.

ಕೆಳಗಿನ ಊರಿನ ಕಡೆಯಿಂದ ಗದ್ದಲ ಎದ್ದಿತು. ಅವನು ನನ್ನನ್ನು ನೋಡಲಿಲ್ಲ. ತನ್ನ ಕೈಯ ಬ್ಯಾಂಡೇಜನ್ನೇ ನೋಡಿಕೊಂಡು ಕೂತ. ನಾನು ಕಾಗದಕ್ಕೆ ಸಹಿ ಹಾಕಿದೆ. ಹೈಸ್ಕೂಲು ಓದಿದವನು, ನನ್ನ ಸಹಿ ಚೆನ್ನಾಗಿದೆ.

ಆ ವಾರವೇ ಹಾಡಹಗಲಲ್ಲಿ ಅವನ ಹುಲ್ಲಿನ ಬಣವೆಗೂ ಕೊಟ್ಟಿಗೆಗೂ ಬೆಂಕಿ ಬಿತ್ತು. ಹಸುಗಳ ಹಗ್ಗ ಕತ್ತರಿಸಿ ಅವನ ಹೆಂಡತಿ ಹೊರಗೆ ಅಟ್ಟಿದಳಂತೆ. ಸಂಕ್ರಾಂತಿಗೆ ಮುಂಚೆ ಗಂಡ ಹೆಂಡತಿ ಒಂದು ಟೆಂಪೋದಲ್ಲಿ ಸಾಮಾನು ಹಾಕಿಕೊಂಡು ಮಾಲೂರಿಗೆ ಹೊರಟುಹೋದರು.

ನಾನು ಅಲ್ಲಿಗೆ ಹೋಗಲು ಒಂದು ವರ್ಷ ಹಿಡಿಯಿತು. ಕೋಲಾರದಲ್ಲಿ ಬಸ್ಸು ಬದಲಿಸಿ ಮಾಲೂರು ಸೇರಿ, ಕೇಳಿಕೊಂಡು ನಡೆದೆ. ಇಟ್ಟಿಗೆ ಕಾರ್ಖಾನೆಯ ಗೇಟಿನಲ್ಲಿ ಅವನು ಖಾಕಿ ಅಂಗಿ ಹಾಕಿಕೊಂಡು ಸ್ಟೂಲಿನ ಮೇಲೆ ಕೂತಿದ್ದ. ಲಾರಿಯ ನಂಬರನ್ನು ಎಡಗೈಯಲ್ಲಿ ಬರೆದುಕೊಳ್ಳುತ್ತಿದ್ದ. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಹುಣಸೆಮರ, ಗಡಿಗಲ್ಲು, ಗುಂಡಿಯ ಮಣ್ಣು, ಶಾಲೆಯ ಜಗಲಿ. ಅವನು ಬರೆಯುವುದನ್ನು ನಿಲ್ಲಿಸಲಿಲ್ಲ.

"ನಂಗೆ ಗೊತ್ತಿರೋದನ್ನೇ ನಂಗೆ ಹೇಳೋಕೆ ಎರಡು ಬಸ್ಸು ಹತ್ಕೊಂಡು ಬಂದ್ಯಾ ಬಾವ? ನಮ್ಮೂರಿಗೆ ಒಂದೂವರೆ ಮೈಲಿ. ಅಲ್ಲಿಗೆ ನಡೆಯೋಕೆ ಕಾಲು ಬರ್ಲಿಲ್ವಾ?"

ಅವನು ಗೇಟಿನ ಪಕ್ಕದ ತನ್ನ ಕೋಣೆಯ ಕಡೆ ತಿರುಗಿ ಹೆಂಡತಿಗೆ ಟೀ ಮಾಡಲು ಹೇಳಿದ. ನಾನು ಬಂದದ್ದು ಕಂಡಿದ್ದರೂ ಅವಳು ಹೊರಗೆ ಬರಲಿಲ್ಲ. ಟೀಯೂ ಬರಲಿಲ್ಲ. ಅವನು ಮತ್ತೊಮ್ಮೆ ಕರೆಯಲಿಲ್ಲ.

ಅದಾದ ಮೇಲೆ ಬಂದ ಮಾಘ ಮಾಸದ ಒಂದು ಮಧ್ಯಾಹ್ನ ಕೆಳಗಿನ ಊರಿಗೆ ಹೋದೆ. ಅಷ್ಟರಲ್ಲಿ ಇನ್ನೊಂದು ಸಲ ಕೆರೆಗೆ ನೀರು ಬಂದು ನಮ್ಮೂರಿನವರು ಮತ್ತೆ ಕೋಡಿ ಕಟ್ಟಿದ್ದರು. ನನ್ನನ್ನು ಕರೆದಿರಲಿಲ್ಲ. ಒಪ್ಪಿಗೆ ಕೇಳೋಣವೆಂದರೆ ಕೆಳಗೆ ನೀರುಗಂಟಿಯೇ ಇರಲಿಲ್ಲ.

ಅರಳಿಕಟ್ಟೆಯ ಮೇಲೆ ಹತ್ತು ಹದಿನೈದು ಜನ ಇದ್ದರು. ಕೂರಲು ಯಾರೂ ಹೇಳಲಿಲ್ಲ, ನಾನೇ ಕೂತೆ. ನಿಮ್ಮ ನೀರುಗಂಟಿ ಮಣ್ಣು ಕೊಟ್ಟಿರಲಿಲ್ಲ, ನಾನೇ ಕದ್ದು ತಂದೆ, ವಿಚಾರಣೆಯಲ್ಲೂ ಸುಳ್ಳು ಹೇಳಿದೆ, ಅವನು ಅಂದು ನಿಮ್ಮ ಮನೆಗಳು ಉಳಿಯಲಿ ಎಂದು ನೀರಿಗಿಳಿದ ಎಂದೆ. ಮುದುಕರೊಬ್ಬರು ಕಣ್ಣು ಮುಚ್ಚಿಕೊಂಡರು.

ಕೊನೆಗೆ ಒಬ್ಬ ಎದ್ದು ನನ್ನ ಮುಂದೆ ಬಂದು ನಿಂತ. ನಲವತ್ತರ ಆಸುಪಾಸಿನವನು. ರಾಗಿ ಮೆದೆ ಪೂರ್ತಿ ಕಳೆದುಕೊಂಡವನು ಎಂದು ಆಮೇಲೆ ತಿಳಿಯಿತು.

"ಎದ್ದು ಹೋಗು ತಾತ," ಎಂದ.

"ನಿಜ ಹೇಳ್ತಾ ಇದ್ದೀನಪ್ಪ."

"ನಿಜ ಅಂತೀಯಾ? ಅವನ ಕೊಟ್ಟಿಗೆಗೆ ಕಡ್ಡಿ ಗೀರಿದ್ದು ನಾನು. ನೀನು ಹೇಳೋದು ನಿಜ ಆದ್ರೆ ನಾನು ಏನಾದೆ? ಹೇಳು, ಏನಾದೆ?"

ನಾನು ಬಾಯಿ ತೆರೆದೆ. ಅಷ್ಟರಲ್ಲಿ ನಮ್ಮೂರ ದಿಕ್ಕಿನಲ್ಲಿ ಗುಡುಗಿತು. ಮಾಘದ ಬಿಸಿಲಿನಲ್ಲಿ, ದೂರದಲ್ಲಿ, ಒಂದೇ ಸಲ. ಕಟ್ಟೆಯ ಮೇಲಿದ್ದವರೆಲ್ಲ ತಿರುಗಿ ನಮ್ಮ ಕೆರೆಯ ಏರಿಯ ಕಡೆ ನೋಡಿದರು. ನನ್ನ ಮುಂದೆ ನಿಂತಿದ್ದವನೂ ನೋಡಿದ. ಆಮೇಲೆ ಎದ್ದು ಒಬ್ಬೊಬ್ಬರಾಗಿ ಮನೆಗಳ ಕಡೆ ನಡೆದರು. ಹೊರಗೆ ಬಂದಾಗ ಅವರ ಕೈಯಲ್ಲಿ ಹಾರೆಗಳಿದ್ದವು. ನಾನು ಕಟ್ಟೆಯ ಮೇಲೆ ಕೂತೇ ಇದ್ದೆ. ನನ್ನ ಪಕ್ಕದಿಂದಲೇ ಹಾದು ಹಳ್ಳಕ್ಕಿಳಿದು ನಮ್ಮ ಕೋಡಿಯ ಕಡೆ ನಡೆದರು.